ಭುಜ ಆಡಲಿ, ಲೋಟದ ನೀರು ಅಲುಗದಿರಲಿ

ನಮಸ್ಕಾರ. ಇದು ನಮ್ಮ ಮನೆಯ ಅಡುಗೆಮನೆ. ನನ್ನ ಎಡಗೈಯಲ್ಲಿ ಸ್ಟೀಲ್ ಲೋಟ, ಅಂಚಿನವರೆಗೂ ನೀರು. ಈಗ ನಡೆಯುತ್ತಿರುವುದು ಸಾಲ್ಸಾ ಎಂಬ ಜೋಡಿ ಕುಣಿತದ ಅಭ್ಯಾಸ.

ಕಳೆದ ತಿಂಗಳು ಒಂದು ಸೋಶಿಯಲ್‌ಗೆ ಹೋಗಿದ್ದೆ, ಅಂದರೆ ಎಲ್ಲರೂ ಸೇರಿ ಸಾಲ್ಸಾ ಕುಣಿಯುವ ಕೂಟಕ್ಕೆ. ಜೊತೆಗೆ ಕುಣಿದವರು ಹಾಡು ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ನಿಮ್ಮ ಭುಜ ಚೆನ್ನಾಗಿ ಆಡತ್ತೆ. ಆದ್ರೆ ಕೈನೂ ಅಲ್ಲಾಡತ್ತೆ. ತಿರುಗ್ಬೇಕಾ ಬೇಡ್ವಾ ಗೊತ್ತಾಗಲ್ಲ." ಆ ಮಾತು ಮನಸ್ಸಿನಲ್ಲೇ ಉಳಿಯಿತು. ಲೀಡ್ ಮಾಡುವವರ, ಅಂದರೆ ಕುಣಿತ ನಡೆಸುವವರ, ಎಡಗೈ ಜೊತೆಗಾರರ ಬಲಗೈ ಹಿಡಿದಿರುತ್ತದೆ. ಮುಂದಿನ ಹೆಜ್ಜೆ ಅವರಿಗೆ ತಿಳಿಯುವುದೇ ಆ ಕೈಯಿಂದ. ಅದು ಸುಮ್ನೆ ಅಲುಗಿದರೂ ಅವರಿಗೆ ಸೂಚನೆಯೇ ಅಲ್ವಾ? ಅದಕ್ಕೇ ಈ ಲೋಟ.

ಸಾಲ್ಸಾ 1960–70ರ ದಶಕಗಳಲ್ಲಿ ನ್ಯೂಯಾರ್ಕ್‌ನಲ್ಲಿ ರೂಪ ಪಡೆಯಿತು. ಬೇರು ಮಾತ್ರ ಕ್ಯೂಬಾದ್ದು. ಅಲ್ಲಿನ ರುಂಬಾದಲ್ಲಿ ಜೋಡಿಗಳು ಕೈ ಹಿಡಿಯದೆ ಎದುರುಬದುರು ಕುಣಿಯುತ್ತಾರೆ. ಭುಜಕ್ಕೆ ತಡೆಯೇ ಇಲ್ಲ. 'ಸೋನ್' ಕುಣಿತದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಸಾಲ್ಸಾದಲ್ಲಿ ಎರಡೂ ಬೇಕು. ಕಷ್ಟ ಇರುವುದು ಇಲ್ಲೇ, ಚಂದ ಇರುವುದೂ ಇಲ್ಲೇ.

ತಾಳ ಕೊಡುವ ಮೆಟ್ರೋನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟಿದ್ದೇನೆ. ಎಡಭುಜ ಮುಂದೆ, ಬಲಭುಜ ಹಿಂದೆ. ಆಮೇಲೆ ಅದಲುಬದಲು. ಸೊಂಟ ಇದ್ದಲ್ಲೇ ಇರಬೇಕು. ಭುಜ ಕಿವಿಯ ಕಡೆ ಏರಿದರೆ ಕತ್ತು ಬಿಗಿಯುತ್ತದೆ, ಕೈಯೂ ಬಿಗಿಯುತ್ತದೆ. ಗುಟ್ಟು ಇರುವುದು ಮೊಣಕೈಯಲ್ಲಿ. ನೋಡಿ, ಅದನ್ನು ಸೆಟೆಸಿ ಹಿಡಿದರೆ ನೀರು ಚೆಲ್ಲುತ್ತದೆ. ಸಡಿಲ ಬಿಟ್ಟರೆ ಭುಜದ ಅಲುಗಾಟ ಮೊಣಕೈಯಲ್ಲೇ ಕರಗುತ್ತದೆ, ಲೋಟದವರೆಗೆ ಬರುವುದಿಲ್ಲ.

ಭರತನಾಟ್ಯ ಕಲಿತವರಿಗೆ 'ಸುಂದರಿ' ಗ್ರೀವಾಭೇದ ಗೊತ್ತಿರುತ್ತದೆ. ಕತ್ತು ಮಾತ್ರ ಅತ್ತಿತ್ತ ಸರಿಯುತ್ತದೆ, ಭುಜ ಅಲುಗುವುದಿಲ್ಲ. ಇಲ್ಲಿ ಭುಜ ಆಡಬೇಕು, ಕತ್ತು ನಿಲ್ಲಬೇಕು. ಅವರಿಗೆ ಇದು ಬೇಗ ಹಿಡಿಯುತ್ತದೆ ಅನ್ನಿಸುತ್ತದೆ.

ಹೆಜ್ಜೆ ಸೇರಿಸುವಾಗ ಅವಸರ ಬೇಡ. ಎಂಟು ಎಣಿಕೆಯಲ್ಲಿ 4ಕ್ಕೂ 8ಕ್ಕೂ ಹೆಜ್ಜೆ ಇಲ್ಲ. ಮೊದಮೊದಲು ಭುಜವನ್ನು ಅಲ್ಲಷ್ಟೇ ಆಡಿಸಿ. ಕಾಲು ನಿಂತಾಗ ಭುಜ ಹಾಡಿಗೆ ಓಗೊಡುತ್ತದೆ. ನನಗೆ ತುಂಬಾ ಇಷ್ಟದ ಜಾಗ ಅದು.

ಈಗ ಲೋಟ ಕೆಳಗಿಟ್ಟೆ. ಅಕ್ಕ ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದಾಳೆ. ಕೈ ಅಲುಗಿದ್ದು ಗೊತ್ತಾದರೆ "ಹೂಂ" ಅನ್ನಬೇಕು, ಅಷ್ಟೇ. ನಿಧಾನದ ಹಾಡು ಪೂರ್ತಿ ಮುಗಿಯಿತು, ಒಂದು ಹೂಂ ಕೂಡ ಬರಲಿಲ್ಲ! ಎಷ್ಟು ಖುಷಿಯಾಯಿತು ಗೊತ್ತಾ?

ಆಮೇಲೆ ಜೋರಿನ ಹಾಡು ಹಾಕಿದೆವು. ಎರಡು ಸಲ ಹೂಂ. ಎರಡೂ ಸಲ ಎಡಭುಜ ಮುಂದೆ ಹೋದಾಗಲೇ. "ಮೊಣಕೈ ಬಿಗಿಯಾಯ್ತು ಕಣೋ" ಅಂದಳು ಅಕ್ಕ. ನಾಳೆ ಅದೊಂದನ್ನೇ ಅಭ್ಯಾಸ ಮಾಡುತ್ತೇನೆ.