ಜೀಕುವುದು ಯಾವಾಗ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಒಂದು ಕಟ್ಟು ಉತ್ತರಪತ್ರಿಕೆ ತಿದ್ದಿದೆ. ಆ ಸಂಕಟ ಇನ್ನೂ ಆರಿಲ್ಲ. ಬಲವಿಜ್ಞಾನದ ಡಿ'ಅಲಂಬರ್ಟ್ ತತ್ವದಿಂದ ಲಗ್ರಾಂಜ್ ಸಮೀಕರಣ, ಅಂದರೆ ಶಕ್ತಿಗಳಿಂದ ಚಲನೆಯನ್ನು ಬರೆಯುವ ಸೂತ್ರ, ಸಾಧಿಸಿ ಅಂದರೆ ಎರಡೂವರೆ ಪುಟ, ಒಂದು ಚುಕ್ಕಿ ತಪ್ಪಿಲ್ಲ. ಮುಂದಿನ ಪ್ರಶ್ನೆ, ತಿರುಗುವ ಕಡ್ಡಿಯ ಮೇಲೆ ಜಾರುವ ಮಣಿಯ ಚಲನೆಯ ಸಮೀಕರಣ ಬರೆಯಿರಿ. ಅಲ್ಲಿ ಹಾಳೆ ಖಾಲಿ. ಓದದ ಮಕ್ಕಳಲ್ಲ ಇವರು. "ಇಲ್ಲಿ ನಿರ್ದೇಶಾಂಕ ಯಾವುದು?", ಅಂದರೆ ವಸ್ತು ಎಲ್ಲಿದೆ ಅಂತ ಹೇಳಲು ಯಾವ ಅಳತೆ ಹಿಡಿಯಬೇಕು, ಅಂತ ಅವರನ್ನು ಯಾರೂ ಕೇಳಿಲ್ಲ, ಅಷ್ಟೇ.

ಒಂದು ಉಯ್ಯಾಲೆಯ ಕಥೆ ಹೇಳುತ್ತೇನೆ. ಸಕಲೇಶಪುರದ ಹತ್ತಿರ ನಮ್ಮ ಅಜ್ಜಿಮನೆ. ಹಿತ್ತಲ ಹಲಸಿನ ಮರಕ್ಕೆ ನಾರಿನ ಹಗ್ಗ, ಕೂರಲು ಹಳೇ ಮಣೆ. ಹಗ್ಗ ಉಜ್ಜಿ ಉಜ್ಜಿ ಕೊಂಬೆಯ ತೊಗಟೆ ಸವೆದು ನುಣ್ಣಗಾಗಿತ್ತು. ನಾವೆಲ್ಲ ಕೂತು ತಳ್ಳಿಸಿಕೊಳ್ಳುವವರು. ದೊಡ್ಡಕ್ಕ ನಿಂತು ಜೀಕುವವಳು. ಹಿಂದಿನ ತುದಿಯಲ್ಲಿ ಕುಕ್ಕರಿಸುವಳು, ಕೆಳಗೆ ಬಂದೊಡನೆ ಸರಕ್ಕನೆ ಎದ್ದು ನಿಲ್ಲುವಳು, ಮುಂದಿನ ತುದಿಯಲ್ಲಿ ಮತ್ತೆ ಕುಕ್ಕರಿಸುವಳು. ನೋಡನೋಡುತ್ತ ಅವಳ ಕಾಲು ಎಲೆಗೆ ತಾಗುತ್ತಿತ್ತು. ಚಿಕ್ಕ ತಮ್ಮ ತುದಿಯಲ್ಲಿ ಏಳುವನು, ನಡುವೆ ಕೂರುವನು. ಉಯ್ಯಾಲೆ ಸೋತು ನಿಲ್ಲುತ್ತಿತ್ತು. "ಕೆಳಗೆ ಬಂದಾಗ ಏಳೋ!" ಅಂತ ಅಕ್ಕನ ಕೂಗು ಗದ್ದೆವರೆಗೂ ಕೇಳುತ್ತಿತ್ತು.

ಈಗ ನಿರ್ದೇಶಾಂಕ ಯಾವುದು? ಎಕ್ಸ್, ವೈ ಹಿಡಿದು ಹೊರಟರೆ ಹಗ್ಗದ ಎಳೆತ ಪುಟಗಟ್ಟಲೆ ಹಿಂದೆ ಬರುತ್ತದೆ. ಹಗ್ಗ ಬಿಗಿಯಾಗಿದೆಯಲ್ಲ, ಒಂದು ಕೋನ ಸಾಕು: ಥೀಟಾ. ಚಲನಶಕ್ತಿಯಲ್ಲಿ ಪ್ರಚ್ಛನ್ನ ಶಕ್ತಿ ಕಳೆಯಿರಿ, ಲಗ್ರಾಂಜ್ ಸಮೀಕರಣಕ್ಕೆ ಹಾಕಿ. ಎಳೆತ ಹತ್ತಿರವೂ ಸುಳಿಯುವುದಿಲ್ಲ. ಉದ್ದ 4 ಮೀಟರ್ ಇದ್ದರೆ ಸಣ್ಣ ತೂಗಾಟ ಒಂದು ಸಲ ಹೋಗಿ ಬರಲು ಸುಮಾರು 4 ಸೆಕೆಂಡು. ದ್ರವ್ಯರಾಶಿ ಹೊಡೆದುಹೋಯಿತು.

ಅಕ್ಕ ಎದ್ದು ಕೂತು ಮಾಡಿದರೆ? ಕೊಂಬೆಯಿಂದ ಅವಳ ದ್ರವ್ಯಕೇಂದ್ರದವರೆಗಿನ ಉದ್ದ ಎಲ್ ಈಗ ಕಾಲದೊಂದಿಗೆ ಬದಲಾಗುತ್ತದೆ. ಅದೇ ಸಮೀಕರಣ, ಅದೇ ಥೀಟಾ. ಅವಕಲನ ಮಾಡುತ್ತಿದ್ದ ಹಾಗೆ ಎರಡು ಎಂ ಎಲ್, ಎಲ್ ಚುಕ್ಕಿ, ಥೀಟಾ ಚುಕ್ಕಿ ಗುಣಿಸಿದ ಪದವೊಂದು ತಾನಾಗಿ ಉದುರುತ್ತದೆ (ಎಂ ದ್ರವ್ಯರಾಶಿ, ಚುಕ್ಕಿ ಅಂದರೆ ಅದು ಬದಲಾಗುವ ವೇಗ). ತಿರುಗುತ್ತಲೇ ಉದ್ದ ಬದಲಾದಾಗ ಬರುವ ಕೊರಿಯೊಲಿಸ್ ಪದ ಅದು. ನೀವು ನೆನಪಿಟ್ಟು ಸೇರಿಸಬೇಕಿಲ್ಲ. ತೀರಾ ಕೆಳಗಿನ ಬಿಂದುವಿನಲ್ಲಿ ಗುರುತ್ವದ ತಿರುಚುಬಲ ಸೊನ್ನೆ, ಕೋನೀಯ ಸಂವೇಗ, ಅಂದರೆ ತಿರುಗುವ ರಭಸ, ಹಾಗೇ ಉಳಿಯುತ್ತದೆ. ಎದ್ದು ನಿಂತರೆ ಎಲ್ ಕಿರಿದಾಗುತ್ತದೆ, ವೇಗ ಏರಲೇಬೇಕು. ತುದಿಯಲ್ಲಿ ಕೋನವೇಗವೇ ಸೊನ್ನೆ, ಅಲ್ಲಿ ಕುಕ್ಕರಿಸಿದರೆ ಗಳಿಸಿದ್ದೆಲ್ಲ ಸೋರಿಹೋಗುವುದಿಲ್ಲ. ಅಕ್ಕ ಓದಿದ್ದು ಏಳನೇ ಕ್ಲಾಸು. ಅವಳ ಮಂಡಿಗೆ ಗೊತ್ತಿದ್ದದ್ದನ್ನು ಹಾಳೆಯ ಮೇಲೆ ಕಂಡ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಲಗ್ರಾಂಜ್ 1788ರ ತನ್ನ ಪುಸ್ತಕದ ಮುನ್ನುಡಿಯಲ್ಲೇ ಇದರಲ್ಲಿ ಚಿತ್ರಗಳಿಲ್ಲ ಅಂತ ಬರೆದ. ದಯವಿಟ್ಟು ನೀವು ಆ ವ್ರತ ಹಿಡಿಯಬೇಡಿ. ಚಿತ್ರ ಬರೆಯಿರಿ, ಯಾವುದು ಅಲುಗುತ್ತದೆ, ಯಾವುದು ಕಟ್ಟಿಹಾಕಿದೆ ನೋಡಿ, ಆಮೇಲೆ ನಿರ್ದೇಶಾಂಕ.

ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಇದೇ ದಾರಿಯನ್ನು ಮುಂದೆ ಬೆಳೆಸಿದ ಹ್ಯಾಮಿಲ್ಟನ್‌ನ 1834ರ ಕೆಲಸ ಹೇಳಬೇಕಂತಿದ್ದೆ, ಬಿಡೋಣ. ಹಾಸನದ ಸಾಲಗಾಮೆ ರಸ್ತೆಯ ನಮ್ಮ ಎಂಸಿಎಫ್, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಅದನ್ನು ಮಾತ್ರ ಬಿಡಲಾರೆ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ, ಅಂದರೆ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ, ಉಪಗ್ರಹಗಳನ್ನು ಸೂರ್ಯ ಚಂದ್ರರು ಎಳೆದು ಕಕ್ಷೆ ವಾಲಿಸುತ್ತಾರೆ; ಹಾಸನದಲ್ಲಿ ಕೂತವರು ಅವನ್ನು ಮತ್ತೆ ಜಾಗಕ್ಕೆ ತರುತ್ತಾರೆ. ಅಲ್ಲೂ ಮೊದಲ ಪ್ರಶ್ನೆ ಅದೇ, ಯಾವ ನಿರ್ದೇಶಾಂಕದಲ್ಲಿ ಬರೆಯೋಣ?

ಕೊನೆಗೆ ಆ ಮಣಿ. ಕಡ್ಡಿ ನೆಲಕ್ಕೆ ಸಮಾನಾಂತರ, ಒಂದೇ ವೇಗದಲ್ಲಿ ಮೋಟಾರು ತಿರುಗಿಸುತ್ತಿದೆ. ಕೋನ ಮಣಿಯ ಕೈಯಲ್ಲಿಲ್ಲ, ಮೋಟಾರಿನ ಕೈಯಲ್ಲಿದೆ. ಹಾಗಾದರೆ ಮಣಿಗೆ ಉಳಿದದ್ದು ಏನು? ಚಾಕ್‌ಪೀಸ್ ಇಲ್ಲಿದೆ. ಹಿಂದಿನ ಬೆಂಚಿನಿಂದ ಯಾರಾದರೂ ಬನ್ನಿ.