ಅಪವರ್ತನ ಸಿಗದಿದ್ರೂ ಅದು ಸಂಯುಕ್ತ ಸಂಖ್ಯೆಯೇ!

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "2ರ ಘಾತ 1277, ಅದರಲ್ಲಿ 1 ಕಳೆದ್ರೆ ಬರೋದು ಸಂಯುಕ್ತ ಸಂಖ್ಯೆ ಅಂತೀರಲ್ಲ, ಅಪವರ್ತನ ತೋರಿಸಿ. ಆಗಲ್ವಾ? ಹಾಗಾದ್ರೆ ಸುಮ್ನಿರಿ."

ಸುಮ್ನಿರೋಕಾಗಲ್ಲ. ಆ ಸಂಖ್ಯೆಗೆ 385 ಅಂಕಿ. 1 ಮತ್ತು ಅದೇ ಸಂಖ್ಯೆ ಬಿಟ್ರೆ ಒಂದು ಅಪವರ್ತನವೂ ಯಾರ ಕೈಗೂ ಸಿಕ್ಕಿಲ್ಲ. ಆದ್ರೂ ಅದು ಸಂಯುಕ್ತ. ಅಂದಾಜಲ್ಲ ಸ್ವಾಮಿ, ಸಾಬೀತಾಗಿರೋದು! ಒಡೆಯುತ್ತೆ ಅಂತ ಗೊತ್ತಾಗೋದು ಬೇರೆ, ಹೇಗೆ ಒಡೆಯುತ್ತೆ ಅಂತ ಗೊತ್ತಾಗೋದು ಬೇರೆ.

ಪೆನ್ನು ತಗೊಳ್ಳಿ. 2ರ ಘಾತ 11, ಅದರಲ್ಲಿ 1 ಕಳೆದ್ರೆ 2047. ಇದಕ್ಕೆ ಲೂಕಾಸ್–ಲೆಹ್ಮರ್ ಪರೀಕ್ಷೆ ಹಾಕೋಣ, ಅಂದ್ರೆ ಇಂಥ ಸಂಖ್ಯೆ ಅವಿಭಾಜ್ಯವೋ ಸಂಯುಕ್ತವೋ ಅಂತ ಹೇಳೋ ಲೆಕ್ಕ. 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, 2047ರಿಂದ ಭಾಗಿಸಿ ಶೇಷ ಮಾತ್ರ ಇಟ್ಕೊಳ್ಳಿ. 14, 194, 788, 701, 119, 1877, 240, 282, 1736. ಘಾತದಲ್ಲಿ 2 ಕಡಿಮೆ, ಅಂದ್ರೆ 9 ಸುತ್ತು. ಕೊನೆಗೆ ಸೊನ್ನೆ ಬಂದ್ರೆ ಅವಿಭಾಜ್ಯ, ಇಲ್ಲಾಂದ್ರೆ ಸಂಯುಕ್ತ. ಬಂದಿದ್ದು 1736. ಮುಗೀತು! 2047 ಅಂದ್ರೆ 23 ಗುಣಿಸು 89. ಈ 9 ಸಾಲಲ್ಲಿ 23 ಎಲ್ಲಾದ್ರೂ ಕಾಣಿಸ್ತಾ? 89 ಕಾಣಿಸ್ತಾ?

1277ಕ್ಕೂ ಇದೇ ಲೆಕ್ಕ, 1275 ಸುತ್ತು. ಸಾಮಾನ್ಯ ಲ್ಯಾಪ್‌ಟಾಪ್ ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿಸುತ್ತೆ. ಆದ್ರೆ ಪ್ರತಿ ಸುತ್ತಿಗೂ ಶೇಷ ತೆಗೀಲೇಬೇಕು. ಮರೆತ್ರೆ ಅಂಕಿಗಳು ಸುತ್ತಿಗೆ ಇಮ್ಮಡಿ ಆಗ್ತಾ 20ನೇ ಸುತ್ತಿಗೇ ಸುಮಾರು 6 ಲಕ್ಷ ಆಗಿಬಿಡುತ್ತೆ, ಪ್ರೋಗ್ರಾಂ ಅಲ್ಲೇ ಕೂರುತ್ತೆ.

"ಕಂಪ್ಯೂಟರ್ ತಪ್ಪು ಮಾಡಿದ್ರೆ?" ಅಂತಾರೆ ಇನ್ನೊಬ್ಬರು. ಕಾಳಜಿ ಸರಿ, ನಡುವೆ ಒಂದು ಅಂಕಿ ಕೆಟ್ರೂ ಅವಿಭಾಜ್ಯ ಸಂಖ್ಯೆ ಸಂಯುಕ್ತದ ಥರ ಕಾಣುತ್ತೆ. ಅದಕ್ಕೇ ಮೊದಲು 127ರ ಮೇಲೆ (2ರ ಘಾತ 7, ಅದರಲ್ಲಿ 1 ಕಳೆದದ್ದು, ಇದು ಅವಿಭಾಜ್ಯ) ಓಡಿಸಿ ನೋಡಿ: 14, 67, 42, 111, 0. ಸೊನ್ನೆ ಬರದಿದ್ರೆ ನಿಮ್ಮ ಕೋಡ್ ಕೆಟ್ಟಿದೆ. ಆಮೇಲೆ 1277ನ್ನ ಬೇರೆ ಪ್ರೋಗ್ರಾಂನಲ್ಲಿ ಇನ್ನೊಮ್ಮೆ ಮಾಡಿ, ಕೊನೇ ಶೇಷ ಎರಡರಲ್ಲೂ ಒಂದೇನಾ ನೋಡಿ. ಇಷ್ಟಾದ ಮೇಲೂ "ಅಪವರ್ತನ ತೋರಿಸಿ" ಅಂದ್ರೆ ಅದು ಸಂದೇಹ ಅಲ್ಲ, ಹಠ!

ಚರಿತ್ರೆ ಬೇಕಾ? 2ರ ಘಾತ 67, ಅದರಲ್ಲಿ 1 ಕಳೆದದ್ದು. ಅದು ಸಂಯುಕ್ತ ಅಂತ ಫ್ರೆಂಚ್ ಗಣಿತಜ್ಞ ಲೂಕಾಸ್ 1876ರಲ್ಲೇ ತೋರಿಸಿದ, ಒಂದೂ ಅಪವರ್ತನ ಹೇಳದೆ. 193707721 ಗುಣಿಸು 761838257287 ಅಂತ ಅಮೆರಿಕದ ಗಣಿತಜ್ಞ ಕೋಲ್ ಒಡೆದು ತೋರಿಸಿದ್ದು 1903ರಲ್ಲಿ. ನಡುವಿನ 27 ವರ್ಷ ಆ ಸಂಖ್ಯೆ ಏನಾಗಿತ್ತು? ಸಂಯುಕ್ತ! ಒಡೆಯೋದು ಬೇರೆ, ಒಡೆಯುತ್ತೆ ಅನ್ನೋದು ಬೇರೆ!

ಈ ಥರ ಲೆಕ್ಕ ಇಷ್ಟ ಆದ್ರೆ ಸಬ್‌ಸ್ಕ್ರೈಬ್ ಮಾಡಿ, ಕನ್ನಡದಲ್ಲಿ ಇದನ್ನ ಹಂತಹಂತವಾಗಿ ಮಾಡಿ ತೋರಿಸೋ ವಿಡಿಯೋಗಳು ಇನ್ನೂ ಬರ್ತವೆ.

"ಹುಡುಕಿದ್ರೆ ಸಿಗುತ್ತೆ ಬಿಡಿ" ಅನ್ನೋರಿದ್ದಾರೆ. ಹುಡುಕಿ! 1277ರ ಸಂಖ್ಯೆಯ ಅವಿಭಾಜ್ಯ ಅಪವರ್ತನ ಯಾವುದೇ ಆಗ್ಲಿ, ಅದು 2554ರ ಗುಣಕಕ್ಕೆ 1 ಸೇರಿಸಿದ್ದೇ ಆಗಿರಬೇಕು, 8ರಿಂದ ಭಾಗಿಸಿದ್ರೆ ಶೇಷ 1 ಅಥವಾ 7 ಬರಬೇಕು. ಇಷ್ಟು ಜರಡಿ ಹಿಡಿದ್ರೂ ಅತಿ ಚಿಕ್ಕ ಅಪವರ್ತನವೇ 193 ಅಂಕಿವರೆಗೆ ಇರಬಹುದು. ಒಂದೊಂದೇ ಭಾಗಿಸ್ತಾ ಹೋದ್ರೆ ಯಾವ ಯಂತ್ರಕ್ಕೂ ಮುಗಿಯಲ್ಲ.

ಆದ್ರೂ ಸಂಯುಕ್ತ. ಸಂಯುಕ್ತನೇ! ಇನ್ನೂ ನಂಬಿಕೆ ಬರ್ಲಿಲ್ವಾ? 2ರ ಘಾತ 23, ಅದರಲ್ಲಿ 1 ಕಳೆದ್ರೆ 8388607. ಅಪವರ್ತನ ಹುಡುಕಬೇಡಿ. 21 ಸುತ್ತು ಮಾಡಿ, ಕೊನೇ ಶೇಷ ಕೆಳಗೆ ಬರೀರಿ.