ಬೇಗ ಬಂದ ಉತ್ತರಕ್ಕೂ ತಾಳೆ ಬೇಕು

ನಮಸ್ಕಾರ, ದಾವಣಗೆರೆಯಿಂದ. ಇವತ್ತು ಒಂದು ತಪ್ಪು ಉತ್ತರದಿಂದ ಮಾತು ಶುರು ಮಾಡುತ್ತೇನೆ.

ಹೋದ ವರ್ಷ ನನ್ನ ಹತ್ತಿರ ಒಂದು ಬೈನರಿ ಕೋಡ್ ಇತ್ತು. ಕೋಡ್ ಅಂದರೆ ಇಲ್ಲಿ ಪ್ರೋಗ್ರಾಂ ಅಲ್ಲ; ಕಳಿಸಿದ ಸಂದೇಶದಲ್ಲಿ ದಾರಿಯಲ್ಲಿ ತಪ್ಪು ನುಸುಳಿದರೂ ತಿದ್ದಿಕೊಳ್ಳಲು ಆಗುವಂತೆ ಆರಿಸಿಟ್ಟ 0, 1ರ ಸಾಲುಗಳು. ಅಂಥ ಒಂದೊಂದು ಸಾಲೂ ಒಂದು ಕೋಡ್‌ವರ್ಡ್. ಉದ್ದ 60 ಬಿಟ್, ಅದರಲ್ಲಿ ಮಾಹಿತಿ 30 ಬಿಟ್. ಅದರ ಮಿನಿಮಮ್ ಡಿಸ್ಟೆನ್ಸ್ ಬೇಕಿತ್ತು. ಒಂದು ಕೋಡ್‌ವರ್ಡ್‌ನಲ್ಲಿ ಎಷ್ಟು 1 ಇವೆಯೋ ಅದು ಅದರ ತೂಕ. ಪೂರ್ತಿ ಸೊನ್ನೆ ಇರುವುದನ್ನು ಬಿಟ್ಟು, ಉಳಿದವುಗಳಲ್ಲಿ ಅತಿ ಕಡಿಮೆ ತೂಕ ಎಷ್ಟು? ಪ್ರಶ್ನೆ ಇಷ್ಟೇ.

ಅಲ್ಲಲ್ಲಿ ಕೈ ಹಾಕಿ ಹುಡುಕುವ ಒಂದು ಪ್ರೋಗ್ರಾಂ ಎರಡೇ ನಿಮಿಷದಲ್ಲಿ 10 ಅಂದಿತು. ಇದರ ಅರ್ಧಕ್ಕಿಂತ ಕಡಿಮೆ ತಪ್ಪುಗಳನ್ನು ತಿದ್ದಬಹುದು. ಹಾಗಿದ್ದರೆ ನಾಲ್ಕು ತಪ್ಪು ತಿದ್ದಬಹುದು ಅಂತ ನೋಟ್ಸ್‌ನಲ್ಲಿ ಬರೆದೂಬಿಟ್ಟೆ. ಮನಸ್ಸು ಮಾತ್ರ ಒಪ್ಪಲಿಲ್ಲ. ಎಲ್ಲವನ್ನೂ ಬಿಡದೆ ನೋಡುವ ಇನ್ನೊಂದು ಪ್ರೋಗ್ರಾಂ ಬರೆದು, ರಾತ್ರಿ ಹತ್ತಕ್ಕೆ ಓಡಲು ಬಿಟ್ಟು ಮಲಗಿದೆ. 107 ಕೋಟಿಗೂ ಜಾಸ್ತಿ ಕೋಡ್‌ವರ್ಡ್. ಮರುದಿನ ಊಟದ ಹೊತ್ತಿಗೆ ಮುಗಿಯಿತು. ಉತ್ತರ 8. ತಿದ್ದಲು ಆಗುವುದು ಮೂರೇ ತಪ್ಪು.

ಮೊದಲನೇ ಪ್ರೋಗ್ರಾಂಗೆ ಸಿಕ್ಕಿದ್ದರಲ್ಲಿ ಚಿಕ್ಕದು 10. ಇದ್ದದ್ದರಲ್ಲಿ ಚಿಕ್ಕದು 8. ಈ ಎರಡರ ನಡುವಿನ ಅಂತರವನ್ನು ಅದು ನನಗೆ ಹೇಳಲೇ ಇಲ್ಲ, ಸುಮ್ನೆ 10 ಅಂತ ತೋರಿಸಿತು. ಗಣಿತದ ಸಾಫ್ಟ್‌ವೇರ್‌ನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದರದ್ದೇ. ಪ್ರೋಗ್ರಾಂ ಕೆಟ್ಟು ನಿಂತರೆ ಕಣ್ಣಿಗೆ ಬೀಳುತ್ತದೆ. ತಪ್ಪು ಸಂಖ್ಯೆ ಕೊಟ್ಟರೆ ಗೊತ್ತೇ ಆಗುವುದಿಲ್ಲ.

ಇಂಥ ಕೋಡ್‌ಗಳ ಗಣಿತವಾದ ಕೋಡಿಂಗ್ ಥಿಯರಿಗೆ ಮುಕ್ತವಾಗಿ ಸಿಗುವ ಸಾಫ್ಟ್‌ವೇರ್ ಅಂದರೆ ಮುಖ್ಯವಾಗಿ 2005ರಲ್ಲಿ ವಿಲಿಯಂ ಸ್ಟೈನ್ ಶುರು ಮಾಡಿದ ಸೇಜ್, ಮತ್ತೆ ಬೀಜಗಣಿತದ ಗ್ಯಾಪ್ ಸಾಫ್ಟ್‌ವೇರ್‌ನ ಗುವಾವಾ ಪ್ಯಾಕೇಜ್. ಸೇಜ್ ಕೂಡ ಕೆಲವು ಲೆಕ್ಕಕ್ಕೆ ಗುವಾವಾವನ್ನೇ ಕರೆಯುತ್ತದೆ. ಇವು ನಿಧಾನ ಅನ್ನುವ ದೂರು ನಿಜವೇ. ಲೆಕ್ಕವೇ ಕಷ್ಟದ್ದು, ಅದೂ ಸರಿ: ಮಿನಿಮಮ್ ಡಿಸ್ಟೆನ್ಸ್ ಕಂಡುಹಿಡಿಯುವುದು ಎನ್‌ಪಿ-ಹಾರ್ಡ್ (ಬೇಗ ಬಿಡಿಸುವ ದಾರಿ ಈವರೆಗೂ ಗೊತ್ತಿಲ್ಲದ ಲೆಕ್ಕಗಳ ಗುಂಪು) ಅಂತ 1997ರಲ್ಲಿ ಅಲೆಕ್ಸಾಂಡರ್ ವಾರ್ಡಿ ಸಾಧಿಸಿ ತೋರಿಸಿದರು. ಆದರೆ ನನ್ನ ಹದಿನೈದು ಗಂಟೆಗೆ ಕಾರಣ ಅದಲ್ಲ. 60 ಬಿಟ್ಟನ್ನೂ ಪೈಥಾನ್ ಲಿಸ್ಟ್‌ನಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದೆ. ಮೂವತ್ತು ಮೂಲ ಸಾಲುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಕೂಡಿಸಿದರೆ ಎಲ್ಲ ಕೋಡ್‌ವರ್ಡ್ ಬರುತ್ತವೆ; ಪ್ರತಿ ಸಲವೂ ಆ ಸಾಲುಗಳನ್ನು ಮೊದಲಿನಿಂದ ಕೂಡಿಸುತ್ತಿದ್ದೆ.

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೂಕ ನೋಡಿದ್ದೀರಲ್ವಾ? ಮೂವತ್ತು ಚೀಲ ಇವೆ, ಒಂದೊಂದು ಜೋಡಣೆಯ ತೂಕವೂ ಬೇಕು ಅಂದುಕೊಳ್ಳಿ. ಪ್ರತಿ ಸಲ ಎಲ್ಲ ಚೀಲ ಇಳಿಸಿ ಮತ್ತೆ ಏರಿಸಿ ಅಂದರೆ ಹಮಾಲರು ಸುಮ್ಮನಿರುತ್ತಾರಾ? ಒಂದು ಚೀಲ ಏರಿಸಿ, ಇಲ್ಲ ಒಂದು ಇಳಿಸಿ, ತೂಕ ಬರೆದುಕೊಳ್ಳಿ. ಮುಂದಿನ ಜೋಡಣೆಗೆ ಬಂದಿರುತ್ತೀರಿ. ಇದೇ ಗ್ರೇ ಕೋಡ್. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ ಹೆಸರಿನದು. 60 ಬಿಟ್ ಒಂದೇ 64 ಬಿಟ್‌ನ ಸಂಖ್ಯೆಯೊಳಗೆ ಕೂರುತ್ತದೆ. ಹೆಜ್ಜೆಗೆ ಒಂದು ಎಕ್ಸಾರ್, ಅಂದರೆ ಎರಡು ಸಾಲನ್ನು ಬಿಟ್‌ಗೆ ಬಿಟ್ ಕೂಡಿಸುವ ಒಂದೇ ಆದೇಶ. 1ಗಳನ್ನು ಎಣಿಸುವ ಆದೇಶ ಪ್ರೊಸೆಸರ್‌ನಲ್ಲೇ ಇದೆ, ಪಾಪ್‌ಕೌಂಟ್ ಅಂತ. ಸಿ ಭಾಷೆಯಲ್ಲಿ ಹೀಗೆ ಬರೆದ ಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅದೇ 107 ಕೋಟಿ ಕೆಲವೇ ಸೆಕೆಂಡಿನಲ್ಲಿ ಮುಗಿಯಿತು.

ಇನ್ನೂ ಒಳ್ಳೆಯ ದಾರಿ ಬ್ರೌವರ್-ಜಿಮ್ಮರ್‌ಮನ್ ವಿಧಾನ. ಅದು ಎರಡು ಸಂಖ್ಯೆ ಹಿಡಿದುಕೊಂಡು ನಡೆಯುತ್ತದೆ. ಇಲ್ಲಿಯವರೆಗೆ ಸಿಕ್ಕ ಕಡಿಮೆ ತೂಕ ಮೇಲಿನ ಮಿತಿ. ಇದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ ಅನ್ನುವುದು ಕೆಳಗಿನ ಮಿತಿ. ಎರಡೂ ಸೇರಿದಾಗ ನಿಲ್ಲುತ್ತದೆ. ಎಲ್ಲ ಕೋಡ್‌ವರ್ಡ್ ನೋಡುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ನಾನು ಕೇಳುವುದು ಇಷ್ಟು: ಆ ಎರಡೂ ಸಂಖ್ಯೆಯನ್ನು ಬಳಸುವವರಿಗೆ ತೋರಿಸಿ. ನಡುವೆ ನಿಲ್ಲಿಸಿದರೂ "6ಕ್ಕಿಂತ ಕಡಿಮೆಯಿಲ್ಲ, 10ಕ್ಕಿಂತ ಜಾಸ್ತಿಯಿಲ್ಲ" ಅಂತ ಹೇಳಲಿ. ಅದು ನಂಬಬಹುದಾದ ಉತ್ತರ.

ಆಮೇಲೆ ತಾಳೆ. ಮಂಡಿಯಲ್ಲಿ ಗುಮಾಸ್ತರ ಲೆಕ್ಕವನ್ನು ಸಂಜೆ ಇನ್ನೊಬ್ಬರು ತಾಳೆ ನೋಡುತ್ತಾರೆ. ಗುಮಾಸ್ತರ ಮೇಲೆ ಅನುಮಾನ ಇದೆ ಅಂತಲ್ಲ, ಲೆಕ್ಕ ಅಂದರೆ ಹಾಗೇ. ಕೋಡಿಂಗ್ ಥಿಯರಿಯಲ್ಲಿ ಈ ತಾಳೆಗೆ ಗಣಿತವೇ ಸಾಮಾನು ಕೊಟ್ಟಿದೆ. ಗೋಲೇ ಕೋಡ್ ತಗೊಳ್ಳಿ, ವಾಯೇಜರ್ ನೌಕೆಗಳು ಗುರು, ಶನಿಯ ಚಿತ್ರ ಕಳಿಸಲು ಬಳಸಿದ್ದು. 24 ಬಿಟ್‌ನ ಗೋಲೇಯಲ್ಲಿ ತೂಕ 0 ಇರುವುದು ಒಂದು, 8 ಇರುವುದು 759, 12 ಇರುವುದು 2576, 16 ಇರುವುದು ಮತ್ತೆ 759, 24 ಇರುವುದು ಒಂದು. ಕೂಡಿಸಿ, 4096. ಪ್ರತಿ ಲೀನಿಯರ್ ಕೋಡ್‌ಗೂ (ಎರಡು ಕೋಡ್‌ವರ್ಡ್ ಕೂಡಿಸಿದರೂ ಕೋಡ್‌ವರ್ಡೇ ಬರುವಂಥದ್ದು) ಡ್ಯೂಯಲ್ ಅನ್ನುವ ಒಂದು ಜೊತೆ ಕೋಡ್ ಇರುತ್ತದೆ. ಒಂದರ ತೂಕದ ಪಟ್ಟಿಯಿಂದ ಇನ್ನೊಂದರದ್ದನ್ನು ಕೊಡುವ, ಗಣಿತಜ್ಞೆ ಜೆಸ್ಸಿ ಮ್ಯಾಕ್‌ವಿಲಿಯಮ್ಸ್ ಅವರ ಸೂತ್ರಕ್ಕೆ ಈ ಐದು ಸಂಖ್ಯೆ ಹಾಕಿದರೆ ಇದೇ ಐದು ಸಂಖ್ಯೆ ವಾಪಸ್ ಬರಬೇಕು, ಯಾಕೆಂದರೆ ಆ ಕೋಡ್ ತನಗೆ ತಾನೇ ಡ್ಯೂಯಲ್. ಬೇರೆ ಯಾವುದೇ ಲೀನಿಯರ್ ಕೋಡ್‌ನ ತೂಕದ ಪಟ್ಟಿ ಹಾಕಿದಾಗ ಭಿನ್ನರಾಶಿಯೋ ಋಣ ಸಂಖ್ಯೆಯೋ ಬಂದರೆ, ಎಣಿಕೆಯಲ್ಲಿ ಎಲ್ಲೋ ಎಡವಿದ್ದೇವೆ ಅಂತ ಖಚಿತ.

ಮ್ಯಾಗ್ಮಾ ಅನ್ನುವ ಗಣಿತದ ಸಾಫ್ಟ್‌ವೇರ್ ವೇಗದ್ದು, ಒಳ್ಳೆಯದು. ಆದರೆ ಅದರ ತಿರುಳಿನ ಪ್ರೋಗ್ರಾಂ ಸಾಲುಗಳು ಹೊರಗಿನವರಿಗೆ ಕಾಣುವುದಿಲ್ಲ. ಮುಕ್ತ ಸಾಫ್ಟ್‌ವೇರ್‌ನಲ್ಲಿ 8 ಯಾಕೆ ಬಂತು ಅಂತ ಸಾಲು ಸಾಲಾಗಿ ಓದಬಹುದು. ನನಗೆ ಆ ಹಕ್ಕು ಬೇಕು.

ನಮ್ಮೂರಲ್ಲಿ ಇಷ್ಟು ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ. ಹೊಸ ವಿಧಾನವನ್ನೇ ಕಂಡುಹಿಡಿಯಬೇಕಿಲ್ಲ. ಸೇಜ್‌ನಲ್ಲಿ ಪ್ರತಿ ಫಂಕ್ಷನ್‌ನ ವಿವರಣೆಯೊಳಗೇ ಚಿಕ್ಕ ಪರೀಕ್ಷೆಗಳನ್ನು ಬರೆದಿಡುತ್ತಾರೆ, ಡಾಕ್‌ಟೆಸ್ಟ್ ಅಂತ. ನಾಲ್ಕು ಸಾಲು ಸಾಕು. ಈ ವಾರ 11 ಉದ್ದದ, 0, 1, 2 ಬಳಸುವ ಗೋಲೇ ಕೋಡ್ ತಗೊಂಡು ಕೂತುಕೊಳ್ಳಿ. ಅದರಲ್ಲಿ 729 ಕೋಡ್‌ವರ್ಡ್ ಇವೆ, ಮಿನಿಮಮ್ ಡಿಸ್ಟೆನ್ಸ್ 5. ಎರಡು ಬೇರೆ ದಾರಿಯಲ್ಲಿ ಎಣಿಸಿ, ಏನು ಬಂತು ಅಂತ ನನಗೆ ಬರೆಯಿರಿ.